ಹರಾಜಿಗೆ ಇಬ್ಬರು ಬೇಕು: ಈಬೇಯಲ್ಲಿ ಮಾರುವವಳ ರಿವ್ಯೂ

ಈಬೇ ಎಂಬ ಆನ್‌ಲೈನ್ ಮಾರಾಟದ ಸೈಟಿನಲ್ಲಿ ಕೊಂಡವರು ಬರೆದ ರಿವ್ಯೂಗಳು ಬೇಕಾದಷ್ಟಿವೆ. ಇದು ಮಾರುವವಳು ಬರೆದದ್ದು. ಕೆಲವು ವರ್ಷಗಳಿಂದ ಒಹಾಯೊದ ಕೊಲಂಬಸ್ ಹತ್ತಿರ ಕೂತು ಹಳೇ ಎರಕದ ಕಬ್ಬಿಣದ ಬಾಣಲೆ, ಬಣ್ಣದ ಗಾಜಿನ ಬಟ್ಟಲು, ಕೊರೆಲ್ ಎಂಬ ತೆಳು ಗಾಜಿನ ತಟ್ಟೆ ಮಾರುತ್ತಿದ್ದೇನೆ. ದೊಡ್ಡ ವ್ಯಾಪಾರ ಏನಲ್ಲ. ಗ್ಯಾರೇಜಿನ ಒಂದು ಗೋಡೆಗೆ ಶೆಲ್ಫು, ಒಂದು ತೂಕದ ಯಂತ್ರ, ಒಂದು ಲೇಬಲ್ ಪ್ರಿಂಟರ್, ಮೂಲೆಯಲ್ಲಿ ರಟ್ಟಿನ ಡಬ್ಬಗಳ ರಾಶಿ. ಅಮ್ಮ ತಿಪಟೂರಿನಿಂದ ವೀಡಿಯೊ ಕಾಲ್ ಮಾಡಿದಾಗ ಆ ರಾಶಿ ಕಂಡರೆ ಸಾಕು, "ಅಮೆರಿಕಕ್ಕೆ ಹೋಗಿ ಗುಜರಿ ಅಂಗಡಿ ಇಟ್ಟೆಯಲ್ಲೇ" ಎಂದು ಶುರು ಮಾಡುತ್ತಾಳೆ.

ಲಾಭ ಬರುತ್ತಾ ಎಂದು ಎಲ್ಲರೂ ಕೇಳುತ್ತಾರೆ. ಬರುತ್ತದೆ. ಯಾವುದನ್ನು ಹರಾಜಿಗೆ ಹಾಕಬೇಕು, ಯಾವುದನ್ನು ಹಾಕಲೇಬಾರದು ಎಂದು ತಿಳಿದಿದ್ದರೆ ಮಾತ್ರ. ಅದು ತಿಳಿಯದೆ "ಹರಾಜಿಗೆ ಹಾಕಿದ್ರೆ ರೇಟು ತಾನೇ ಏರುತ್ತೆ" ಎಂದು ನಂಬಿ ಬಂದವರು 99 ಸೆಂಟ್ಸಿಗೆ ಸಾಮಾನು ಕೊಟ್ಟು, ಬೈದುಕೊಂಡು ಹೋಗುತ್ತಾರೆ.

ಈ ಸೈಟು ಶುರುವಾದದ್ದೇ ಹರಾಜಿಗಾಗಿ. 1995ರ ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಪಿಯರ್ ಒಮಿಡ್ಯಾರ್ ಎಂಬ ಪ್ರೋಗ್ರಾಮರ್ ಇದನ್ನು ಆಕ್ಷನ್‌ವೆಬ್ ಎಂಬ ಹೆಸರಲ್ಲಿ ತೆರೆದ. ಮೊದಮೊದಲು ಮಾರಾಟವಾದದ್ದು ಒಂದು ಕೆಟ್ಟುಹೋದ ಲೇಸರ್ ಪಾಯಿಂಟರ್, 14.83 ಡಾಲರಿಗೆ. ಕೆಟ್ಟಿದೆ ಅಂತ ಗೊತ್ತು ತಾನೇ ಎಂದು ಕೇಳಿದರೆ, ಕೊಂಡವನು ಕೆಟ್ಟ ಲೇಸರ್ ಪಾಯಿಂಟರ್‌ಗಳನ್ನೇ ಕೂಡಿಡುವವನಂತೆ. ಈ ಕಥೆ ಕೇಳಿ ಎಲ್ಲರೂ ನಗುತ್ತಾರೆ. ನನಗೆ ಕಾಣುವುದು ಬೇರೆ. ಅಂಥ ಒಬ್ಬ ಇದ್ದ, ಸರಿ. ಅಂಥ ಇನ್ನೊಬ್ಬ ಇಲ್ಲದಿದ್ದರೆ ರೇಟು 14 ಡಾಲರಿಗೆ ಏರುತ್ತಿತ್ತಾ?

ಈಬೇ ಹರಾಜು ನಡೆಯುವ ರೀತಿಯೇ ಹಾಗೆ. ಕೊಳ್ಳುವವನು ತನ್ನ ಗರಿಷ್ಠ ಬೆಲೆಯನ್ನು ಗುಟ್ಟಾಗಿ ಬರೆದಿಡುತ್ತಾನೆ. ಎದುರಾಳಿ ಎಷ್ಟು ಏರಿಸುತ್ತಾನೋ ಅದಕ್ಕಿಂತ ಒಂದು ಮೆಟ್ಟಿಲು ಮಾತ್ರ ಮೇಲೆ ಇರುವಂತೆ ಸೈಟು ಅವನ ಪರವಾಗಿ ಕೂಗುತ್ತಾ ಹೋಗುತ್ತದೆ. 25ರಿಂದ 100 ಡಾಲರಿನ ಒಳಗೆ ಒಂದು ಮೆಟ್ಟಿಲು ಅಂದರೆ 1 ಡಾಲರ್. ಅದರ ಕೆಳಗೆ, 5ರಿಂದ 25ರವರೆಗೆ, ಅರ್ಧ ಡಾಲರ್. ಕೊನೆಗೆ ಗೆದ್ದವನು ತಾನು ಬರೆದಷ್ಟನ್ನು ಕೊಡುವುದಿಲ್ಲ. ಸೋತವನು ಬರೆದದ್ದಕ್ಕಿಂತ ಒಂದು ಮೆಟ್ಟಿಲು ಜಾಸ್ತಿ ಕೊಡುತ್ತಾನೆ, ಅಷ್ಟೇ. ಅಂದರೆ ನಿಮ್ಮ ಸಾಮಾನಿಗೆ ಬೆಲೆ ಕಟ್ಟುವವನು ಸೋತವನು!

ಅಪ್ಪನಿಗೆ ಇದನ್ನು ಹೇಳಿದಾಗ ಅವರಿಗೆ ನಂಬಿಕೆಯೇ ಬರಲಿಲ್ಲ. ಅವರು ಜೀವನವಿಡೀ ಕೊಬ್ಬರಿ ಮಾರಿದವರು. ತಿಪಟೂರು ಎಪಿಎಂಸಿಯಲ್ಲಿ ಈಗ ಟೆಂಡರೂ ಕಂಪ್ಯೂಟರಿನಲ್ಲೇ. 2014ರಲ್ಲಿ ಕರ್ನಾಟಕ ಸರ್ಕಾರ ಕೃಷಿ ಸರಕಿನ ವಿನಿಮಯ ಕೇಂದ್ರವಾದ ಎನ್‌ಸಿಡಿಇಎಕ್ಸ್ ಬಳಗದ ಜೊತೆ ಸೇರಿ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್ ಎಂಬ ಕಂಪನಿ ಮಾಡಿತಲ್ಲ, ಅದರ ವ್ಯವಸ್ಥೆ. ಅಲ್ಲಿ ಒಬ್ಬ ವರ್ತಕ ಬರೆದ ರೇಟು ಇನ್ನೊಬ್ಬನಿಗೆ ಕಾಣುವುದಿಲ್ಲ. ಯಾರು ಜಾಸ್ತಿ ಬರೆದರೋ ಅವರಿಗೆ ಲಾಟು, ಬರೆದಷ್ಟೂ ಕೊಡಬೇಕು. ರೈತನಿಗೆ ರೇಟು ಹಿಡಿಸದಿದ್ದರೆ ಕೊಡಲ್ಲ ಅನ್ನಬಹುದು. "ನಿಮ್ಮ ಕಡೆ ಹೆಂಗಮ್ಮ, ಅವನು ನೂರು ಬರೆದು ಐವತ್ತು ಕೊಟ್ಟು ಹೋಗ್ತಾನಾ?" ಎಂದರು. ಹೌದಪ್ಪ, ಎರಡನೆಯವನು 49 ಬರೆದಿದ್ದರೆ ಹಾಗೇ. "ಮತ್ತೆ ನೀನು ಬೇಡ ಅನ್ನಂಗಿಲ್ವಾ?" ಅನ್ನುವಂತಿಲ್ಲ. ಇದಕ್ಕಿಂತ ಕಮ್ಮಿಗೆ ಕೊಡಲ್ಲ ಎಂದು ಗುಟ್ಟಾಗಿ ರಿಸರ್ವ್ ಬೆಲೆ ಇಡಬಹುದು, ಅದಕ್ಕೆ ಬೇರೆ ಫೀಸು. ಮಾರಾಟವಾಗದಿದ್ದರೂ ಆ ಫೀಸು ಹೋಗುತ್ತದೆ. ನಾನು ಅದನ್ನು ಇಡುವುದಿಲ್ಲ. ಅದರ ಬದಲು ಶುರುವಿನ ಬೆಲೆಯನ್ನೇ ನನಗೆ ನಷ್ಟವಾಗದ ಕಡೆ ಇಡುತ್ತೇನೆ.

ಒಂದು ಬಾಣಲೆಯ ಲೆಕ್ಕ ಪೂರ್ತಿ ಹೇಳುತ್ತೇನೆ.

ಇಲ್ಲಿ ಎಸ್ಟೇಟ್ ಸೇಲ್ ಎಂದು ನಡೆಯುತ್ತದೆ. ಮನೆಯ ಹಿರಿಯರು ತೀರಿಕೊಂಡರೆ ಅಥವಾ ವೃದ್ಧಾಶ್ರಮಕ್ಕೆ ಹೋದರೆ ಮನೆಯೊಳಗಿನ ಸಾಮಾನನ್ನೆಲ್ಲ ಇದ್ದ ಜಾಗದಲ್ಲೇ ಚೀಟಿ ಅಂಟಿಸಿ ಮಾರುತ್ತಾರೆ. ಬೆಳಿಗ್ಗೆ ಬಾಗಿಲಲ್ಲಿ ನಂಬರ್ ಕೊಡುತ್ತಾರೆ, ಕ್ಯೂ ನಿಂತು ಒಳಗೆ ಹೋಗಬೇಕು. ಒಡವೆಯವರು ಮಲಗುವ ಕೋಣೆಗೆ ಓಡುತ್ತಾರೆ, ಟೂಲ್ಸ್‌ನವರು ಬೇಸ್‌ಮೆಂಟಿಗೆ. ನಾನು ಅಡುಗೆಮನೆಗೆ, ಅದರಲ್ಲೂ ಓವನ್ನಿನ ಕೆಳಗಿನ ಡ್ರಾಯರಿಗೆ. ಎರಕದ ಬಾಣಲೆಗಳು ಇರುವುದು ಅಲ್ಲೇ. ಕೊನೇ ದಿನ ಹೆಚ್ಚಿನ ಕಡೆ ಅರ್ಧ ಬೆಲೆ, ಆದರೆ ಅಷ್ಟೊತ್ತಿಗೆ ಒಳ್ಳೆಯದು ಉಳಿದಿರುವುದಿಲ್ಲ.

ಒಹಾಯೊದಲ್ಲಿ ಇರುವುದರಿಂದ ನನಗೊಂದು ಅನುಕೂಲ ಇದೆ. ಎರಕದ ಬಾಣಲೆ ಮಾಡುತ್ತಿದ್ದ ವ್ಯಾಗ್ನರ್ ಕಂಪನಿ ಇದ್ದದ್ದು ಇದೇ ರಾಜ್ಯದ ಸಿಡ್ನಿ ಊರಲ್ಲಿ. ಅದರ ಎದುರಾಳಿ ಗ್ರಿಸ್ವೋಲ್ಡ್, ಪಕ್ಕದ ಪೆನ್ಸಿಲ್ವೇನಿಯಾದ ಈರಿಯಲ್ಲಿ. ಎರಡೂ ಹಳೇ ಫೌಂಡ್ರಿಗಳು ಈಗ ಇಲ್ಲ, ಈರಿಯ ಕಾರ್ಖಾನೆ 1957ರಲ್ಲೇ ಮುಚ್ಚಿತು. ಬಾಣಲೆಗಳು ಮಾತ್ರ ಈ ಸುತ್ತಿನ ಮನೆಗಳಲ್ಲಿ ಇನ್ನೂ ಇವೆ. ಮಗುಚಿ ನೋಡಿದರೆ ತಳದಲ್ಲಿ ‘ವ್ಯಾಗ್ನರ್ ವೇರ್’, ಅದರ ಕೆಳಗೆ ‘ಸಿಡ್ನಿ –ಒ–’ ಎಂದು ಎರಕದಲ್ಲೇ ಮೂಡಿರುತ್ತದೆ. ಒ ಅಂದರೆ ಒಹಾಯೊ. ಎರಡೂ ಪದಕ್ಕೆ ಸೇರಿ ಒಂದೇ ದೊಡ್ಡ ಡಬ್ಲ್ಯೂ ಇದ್ದರೆ ಹಳೇದು, ಕೊಳ್ಳುವವರು ಇದ್ದಾರೆ. ತಳದ ತುಂಬ ‘ವ್ಯಾಗ್ನರ್ಸ್ 1891 ಒರಿಜಿನಲ್’ ಎಂದು ಬರೆದು, ಜೊತೆಗೆ ಎಣ್ಣೆ ಹಚ್ಚುವ ವಿಧಾನವೂ ಇದ್ದರೆ ಸುಮ್ನೆ ಕೆಳಗಿಡಿ. ಅದು 1891ರದ್ದಲ್ಲ. ಕಂಪನಿಗೆ ನೂರು ವರ್ಷ ತುಂಬಿದ್ದಕ್ಕೆ 1991ರಲ್ಲಿ ಬಿಟ್ಟ ಮಾಲು, ರಾಶಿ ರಾಶಿ ಸಿಗುತ್ತದೆ. ಮಾರುವವರಲ್ಲೇ ಎಷ್ಟೋ ಜನ ಅದನ್ನು "ನೂರಮೂವತ್ತು ವರ್ಷ ಹಳೇದು" ಎಂದು ಬರೆದು ಹಾಕಿರುತ್ತಾರೆ. ನಗು ಬರುತ್ತೆ.

ನಾನು ಹೇಳುತ್ತಿರುವುದು 8ನೇ ನಂಬರಿನ ಬಾಣಲೆ. ಹತ್ತೂವರೆ ಇಂಚು ಅಗಲ, ನಮ್ಮ ದೋಸೆ ಕಾವಲಿಯ ಅಳತೆ. 12 ಡಾಲರಿಗೆ ಸಿಕ್ಕಿತು. ಕೊಳ್ಳುವ ಮೊದಲು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಅಂಚನ್ನು ಬೆರಳಿಂದ ಒತ್ತಿ ನೋಡಿದೆ. ತಟತಟ ಎಂದು ಅಲುಗಾಡಿದರೆ ತಳ ಸೊಟ್ಟಗಾಗಿದೆ ಎಂದರ್ಥ, ಗಾಜಿನ ಒಲೆ ಇರುವವರು ವಾಪಸ್ ಕಳಿಸುತ್ತಾರೆ. ಗೆಣ್ಣಿನಿಂದ ತಟ್ಟಿದೆ. ಗಂಟೆಯಂತೆ ನಾದ ಬಂತು, ಬಿರುಕಿಲ್ಲ. ಒಳಗೆ ಕೆಂಪು ಚಕ್ಕೆಯಂಥ ಕಲೆ ಇದೆಯಾ ನೋಡಿದೆ. ಇದ್ದರೆ ಯಾವಾಗಲೋ ಬೆಂಕಿಗೆ ಬಿದ್ದ ಬಾಣಲೆ ಅದು, ಎಷ್ಟು ಎಣ್ಣೆ ಹಚ್ಚಿದರೂ ಹಿಡಿಯುವುದಿಲ್ಲ. ಇನ್ನೊಂದು ವಿಷಯ ಇಲ್ಲಿಗೆ ಬಂದ ಮೇಲೆ ಕಲಿತದ್ದು: ಕೆಲವರು ಹಳೇ ಬಾಣಲೆಗಳಲ್ಲಿ ಗುಂಡು ಎರೆಯಲು ಸೀಸ ಕರಗಿಸಿರುತ್ತಾರೆ. ಅದಕ್ಕೇ ಸೀಸದ ಟೆಸ್ಟ್ ಮಾಡದೆ ಮಾರುವುದಿಲ್ಲ.

ಮನೆಗೆ ತಂದು ಹಳದಿ ಮುಚ್ಚಳದ ಓವನ್ ಕ್ಲೀನರ್ ಸಿಂಪಡಿಸಿ, ಕಸದ ಚೀಲದಲ್ಲಿ ಕಟ್ಟಿ ಗ್ಯಾರೇಜಿನಲ್ಲಿ ಇಟ್ಟೆ. ಎರಡು ದಿನ ಬಿಟ್ಟು ತೆಗೆದರೆ ದಶಕಗಳ ಜಿಡ್ಡು ಕಪ್ಪು ಕೆಸರಾಗಿ ಇಳಿದಿರುತ್ತದೆ. ಗ್ಲೌಸು ಹಾಕಿಕೊಂಡೇ ಮುಟ್ಟಬೇಕು. ಅವಸರ ಎಂದು ಗ್ರೈಂಡರ್ ಹಾಕಿ ಉಜ್ಜಿದಿರೋ ಮುಗಿಯಿತು. ಹಳೇ ಬಾಣಲೆಯ ಒಳಮೈ ಕಾರ್ಖಾನೆಯಲ್ಲೇ ನುಣ್ಣಗೆ ಮಾಡಿದ್ದು, ಅದರ ಮೇಲೆ ಸಣ್ಣ ಸುತ್ತು ಗೆರೆಗಳಿರುತ್ತವೆ. ಸಂಗ್ರಹ ಮಾಡುವವರು ಫೋಟೋವನ್ನು ದೊಡ್ಡದು ಮಾಡಿ ನೋಡುವುದು ಆ ಗೆರೆಗಳನ್ನೇ. ತೊಳೆದು, ಒರೆಸಿ, ತೆಳ್ಳಗೆ ಎಣ್ಣೆ ಸವರಿ 450 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಒಂದು ಗಂಟೆ ಓವನ್ನಿನಲ್ಲಿಟ್ಟೆ. ಮನೆ ತುಂಬ ಹೊಗೆ. ನಮ್ಮನೆಯವರು ಕಿಟಕಿ ತೆಗೆಯುತ್ತಾ ಏನೋ ಗೊಣಗಿದರು, ಕೇಳಿಸಲಿಲ್ಲ ಎಂದುಕೊಂಡೆ.

ಇದನ್ನು ಹರಾಜಿಗೆ ಹಾಕಿದೆ. ಯಾಕೆಂದರೆ ಇಂಥ ಬಾಣಲೆಗೆ ಕಾದು ಕೂತವರು ಯಾವ ವಾರವಾದರೂ ಇಬ್ಬರಿಗಿಂತ ಜಾಸ್ತಿ ಇರುತ್ತಾರೆ. ಏಳು ದಿನದ ಹರಾಜು, ಮುಗಿಯುವುದು ಭಾನುವಾರ ರಾತ್ರಿ ನಮ್ಮ 9 ಗಂಟೆಗೆ. ಆಗ ಕ್ಯಾಲಿಫೋರ್ನಿಯಾದಲ್ಲಿ ಸಂಜೆ 6. ಎರಡೂ ಕರಾವಳಿಯವರು ಮನೆಯಲ್ಲಿ ಎದ್ದಿರುತ್ತಾರೆ. ಶುರುವಿನ ಬೆಲೆ 24.99.

ಮೊದಲ ಆರು ದಿನ ಏನೂ ಆಗುವುದಿಲ್ಲ. ಹೊಸಬರು ಇಲ್ಲೇ ಎದೆ ಒಡೆದುಕೊಳ್ಳುವುದು. ‘ವಾಚ್’ ಎಂದು ಒತ್ತಿ ಹರಾಜಿನ ಮೇಲೆ ಕಣ್ಣಿಟ್ಟವರ ಸಂಖ್ಯೆ ಮಾತ್ರ ಏರುತ್ತಿರುತ್ತದೆ. ಒಂದು ಬಿಡ್ ಬಿದ್ದು ಅಲ್ಲೇ ನಿಂತಿರುತ್ತದೆ. ಆಟ ಇರುವುದು ಕೊನೇ ಹತ್ತು ಸೆಕೆಂಡಿನಲ್ಲಿ. ಈಬೇಯಲ್ಲಿ ಕೊನೇ ಗಳಿಗೆಯಲ್ಲಿ ಬಿಡ್ ಬಿದ್ದರೂ ಸಮಯ ಮುಂದಕ್ಕೆ ಹೋಗುವುದಿಲ್ಲ. ಅದಕ್ಕೇ ಪಳಗಿದವರು ಕೊನೆಯವರೆಗೂ ಬಾಯಿ ಬಿಡುವುದಿಲ್ಲ. ಇದಕ್ಕೆ ಸ್ನೈಪಿಂಗ್ ಅನ್ನುತ್ತಾರೆ, ಅದಕ್ಕೆಂದೇ ಬೇರೆ ಸಾಫ್ಟ್‌ವೇರುಗಳಿವೆ. ಊರಿನ ಹರಾಜಿನಲ್ಲಿ "ಒಂದು ಸಲ, ಎರಡು ಸಲ" ಎಂದು ಕೂಗಿ ಎದುರಾಳಿಗೆ ಉಸಿರಾಡಲು ಬಿಡುತ್ತಾರಲ್ಲ, ಇಲ್ಲಿ ಅದಿಲ್ಲ. ಮಾರುವವಳಾಗಿ ನನಗೆ ಈ ಸೈಟಿನಲ್ಲಿ ಹಿಡಿಸದ ದೊಡ್ಡ ವಿಷಯ ಇದೇ. ಸಮಯ ಮುಂದಕ್ಕೆ ಹೋಗುವ ಸೈಟುಗಳಲ್ಲಿ ಸೋತವನಿಗೆ ಇನ್ನೊಮ್ಮೆ ಯೋಚಿಸಲು ಅವಕಾಶ ಇರುತ್ತದೆ, ಆ ಯೋಚನೆಯಲ್ಲೇ ಮಾರುವವರಿಗೆ ನಾಲ್ಕು ಕಾಸು.

ಬಾಣಲೆ 46 ಡಾಲರಿಗೆ ಹೋಯಿತು. ಅಂದರೆ ಎರಡನೆಯವನು 45 ಬರೆದಿದ್ದ. ಗೆದ್ದವನ ಮನಸ್ಸಲ್ಲಿ 60 ಇತ್ತೋ 100 ಇತ್ತೋ, ಅದನ್ನು ಮಾರುವವರಿಗೆ ತೋರಿಸುವುದಿಲ್ಲ. ತೋರಿಸದೇ ಇರುವುದೇ ಒಳ್ಳೇದು, ನಿದ್ದೆ ಬರುತ್ತೆ.

ಈಗ ಕೈಗೆ ಬಂದದ್ದೆಷ್ಟು ನೋಡಿ. ಪೋಸ್ಟಿಗೆ ಬೇರೆಯಾಗಿ 14 ಡಾಲರ್ ಹಾಕಿದ್ದೆ, ಸೇರಿ 60. ಅದರ ಮೇಲೆ ಕೊಂಡವನ ರಾಜ್ಯದ ಸೇಲ್ಸ್ ಟ್ಯಾಕ್ಸು ನಾಲ್ಕು ಡಾಲರ್ ಚಿಲ್ಲರೆ. ಟ್ಯಾಕ್ಸನ್ನು ಈಬೇಯೇ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುತ್ತದೆ, ನಮಗೆ ತಲೆನೋವಿಲ್ಲ. ಆದರೆ ಫೀಸು ಲೆಕ್ಕ ಹಾಕುವುದು ಎಲ್ಲ ಸೇರಿದ ಮೊತ್ತದ ಮೇಲೆ. ಪೋಸ್ಟಿನ ಮೇಲೂ ಫೀಸು, ನಾನು ಮುಟ್ಟಿಯೂ ನೋಡದ ಟ್ಯಾಕ್ಸಿನ ಮೇಲೂ ಫೀಸು. ಹೆಚ್ಚಿನ ವಿಭಾಗಗಳಲ್ಲಿ ಅದು 13 ಪರ್ಸೆಂಟಿಗಿಂತ ಸ್ವಲ್ಪ ಜಾಸ್ತಿ, ಮೇಲೆ ಆರ್ಡರಿಗೆ 40 ಸೆಂಟ್ಸು. ಇಲ್ಲಿ 9 ಡಾಲರ್ ಚಿಲ್ಲರೆ ಆಯಿತು. ಪೋಸ್ಟಿಗೆ ನಿಜವಾಗಿ ಹೋದದ್ದು 13.50, ಡಬ್ಬ-ಬಬಲ್ ರ‍್ಯಾಪಿಗೆ ಒಂದೂವರೆ. ಬಾಣಲೆಯ 12 ಕಳೆದರೆ ಉಳಿದದ್ದು 24 ಡಾಲರಿನ ಹತ್ತಿರ. ಓವನ್ ಕ್ಲೀನರು, ಕರೆಂಟು, ಪೆಟ್ರೋಲು, ನನ್ನ ಎರಡು ಗಂಟೆ, ಇವೆಲ್ಲ ಅದರೊಳಗೇ. ಇಲ್ಲಿನ ಯಾವ ಅಂಗಡಿಯ ಕೌಂಟರಿನಲ್ಲಿ ನಿಂತರೂ ಹೆಚ್ಚುಕಮ್ಮಿ ಇಷ್ಟೇ ಬರುತ್ತೆ, ಅಲ್ವಾ? ಬರುತ್ತೆ. ಆದರೆ ಅಲ್ಲಿ ಓವನ್ನಿನ ಕೆಳಗಿನ ಡ್ರಾಯರು ಎಳೆಯುವ ಖುಷಿ ಇಲ್ಲ. ಗ್ರಿಸ್ವೋಲ್ಡ್‌ನ ದೊಡ್ಡ ಮುದ್ರೆಯ ಅಪರೂಪದ ನಂಬರ್ ಸಿಕ್ಕಿದ ದಿನ ಲೆಕ್ಕವೇ ಬೇರೆ.

ಹರಾಜಿಗೆ ಹಾಕಬಾರದ್ದು ಎಂದೆನಲ್ಲ, ಅದಕ್ಕೆ ಕೊರೆಲ್ ತಟ್ಟೆ ಒಳ್ಳೇ ಉದಾಹರಣೆ. 1970ರಲ್ಲಿ ಕಾರ್ನಿಂಗ್ ಕಂಪನಿ ತಂದದ್ದು. ಅಮೆರಿಕದಲ್ಲಿರುವ ನಮ್ಮವರ ಮನೆಗಳಲ್ಲಿ ಇದಿಲ್ಲದ ಮನೆ ತೋರಿಸಿ ನೋಡೋಣ. ಹಳದಿ ಹೂವಿನ ‘ಬಟರ್‌ಫ್ಲೈ ಗೋಲ್ಡ್’, ಹಸಿರು ಹೂವಿನದ್ದು, ನೀಲಿಯದ್ದು, ಇವು ಈಗ ಅಂಗಡಿಯಲ್ಲಿ ಬರುವುದಿಲ್ಲ. ಯಾರದೋ ಮನೆಯಲ್ಲಿ ಎಂಟರ ಸೆಟ್ಟಿನಲ್ಲಿ ಒಂದು ಒಡೆಯುತ್ತದೆ. ಅವರಿಗೆ ಅದೇ ತಟ್ಟೆ ಬೇಕು, ಒಂದೇ ಬೇಕು, ಎಷ್ಟಾದರೂ ಕೊಡುತ್ತಾರೆ. ಆದರೆ ಅವರ ತಟ್ಟೆ ನನ್ನ ಹರಾಜು ಮುಗಿಯುವ ಭಾನುವಾರಕ್ಕೆ ಸರಿಯಾಗಿ ಒಡೆಯಬೇಕಲ್ಲ! ಅಂಥ ಇಬ್ಬರದೂ ಒಂದೇ ವಾರ ಒಡೆಯಬೇಕು. ಅದು ಆಗದ ಮಾತು. ಹಾಗಾಗಿ ಅದಕ್ಕೆ ನಿಗದಿ ಬೆಲೆ ಹಾಕಿ, ಕೂತಿರಲಿ ಎಂದು ಬಿಡುತ್ತೇನೆ. ತಿಂಗಳಿಗೆ 250 ಲಿಸ್ಟಿಂಗಿನವರೆಗೆ ಪುಕ್ಕಟೆ, ಕೂತರೆ ನನಗೇನೂ ಖರ್ಚಿಲ್ಲ. ಈಬೇಯ ಒಟ್ಟು ವ್ಯಾಪಾರದಲ್ಲಿ ಈಗ ಹೆಚ್ಚಿನ ಪಾಲು ನಿಗದಿ ಬೆಲೆಯದ್ದೇ, ಹರಾಜಿನದ್ದು ಸಣ್ಣ ಪಾಲು.

ಪೈರೆಕ್ಸ್ ಎಂಬ ಬಣ್ಣದ ಗಾಜಿನ ಬಟ್ಟಲುಗಳು ಎರಡರ ನಡುವೆ ಬರುತ್ತವೆ. 1957ರಲ್ಲಿ ಬಂದ ಗುಲಾಬಿ ಬಣ್ಣದ ‘ಗೂಸ್‌ಬೆರಿ’, ಎರಡೂ ಕಡೆ ಸುರಿಯುವ ಮೂತಿ ಇರುವ ಬಟ್ಟಲು, ಬಣ್ಣ ಹೊಳೆಯುತ್ತಿದ್ದರೆ ಹರಾಜಿಗೆ ಹಾಕಬಹುದು. ಅದರ ಮೇಲೆ ಕಣ್ಣಿಟ್ಟವರು ಜಾಸ್ತಿ. ಡಿಷ್‌ವಾಷರಿನಲ್ಲಿ ತೊಳೆದು ತೊಳೆದು ಬಣ್ಣ ಸುಣ್ಣದಂತಾಗಿದ್ದರೆ ನಿಗದಿ ಬೆಲೆ, ಅದೂ ಕಮ್ಮಿ. ಬಟ್ಟಲನ್ನು ಕಿಟಕಿ ಹತ್ತಿರ ಓರೆಯಾಗಿ ಹಿಡಿದರೆ ಗೊತ್ತಾಗುತ್ತದೆ. ಒದ್ದೆ ಮಾಡಿ ಫೋಟೋ ತೆಗೆದು ಹೊಳೆಯುವಂತೆ ತೋರಿಸುವವರೂ ಇದ್ದಾರೆ, ಆ ಬುದ್ಧಿ ಬೇಡ. ಮನೆಗೆ ಹೋದ ಮೇಲೆ ಅದು ಒಣಗುತ್ತೆ, ವಾಪಸ್ ಬರುತ್ತೆ.

ಯಾವುದಕ್ಕೆ ಎಷ್ಟು ಬೆಲೆ ಎಂದು ಹೇಗೆ ತಿಳಿಯುವುದು? ಇಲ್ಲಿ ಈಬೇಗೆ ನೂರಕ್ಕೆ ನೂರು ಅಂಕ. ಹುಡುಕುವಾಗ ‘ಸೋಲ್ಡ್ ಐಟಮ್ಸ್’ ಎಂದು ಟಿಕ್ ಮಾಡಿದರೆ ಕಳೆದ ಮೂರು ತಿಂಗಳಲ್ಲಿ ಯಾವುದು ನಿಜವಾಗಿ ಎಷ್ಟಕ್ಕೆ ಹೋಯಿತು ಎಂದು ಕಾಣುತ್ತದೆ. ಇನ್ನೂ ಹಿಂದಿನದು ಬೇಕಿದ್ದರೆ ಟೆರಾಪೀಕ್ ಎಂಬ ಸಾಧನವನ್ನು ಅವರೇ ಕೊಡುತ್ತಾರೆ. ಜನ ಕೇಳುತ್ತಿರುವ ಬೆಲೆ ನೋಡಲೇಬೇಡಿ. ಒಂದು ಬಾಣಲೆಗೆ 900 ಡಾಲರ್ ಎಂದು ಬರೆದು ಯಾರು ಬೇಕಾದರೂ ಕೂರಬಹುದು. ಎಸ್ಟೇಟ್ ಸೇಲಿನಲ್ಲಿ ಕ್ಯೂ ನಿಂತಿರುವವರೆಲ್ಲ ಫೋನಿನಲ್ಲಿ ನೋಡುತ್ತಿರುವುದು ಇದನ್ನೇ.

ಪೋಸ್ಟಿನ ವಿಷಯ. ಸರ್ಕಾರಿ ಅಂಚೆಯವರು ಪ್ರಯಾರಿಟಿ ಮೇಲ್ ಡಬ್ಬಗಳನ್ನು ಪುಕ್ಕಟೆ ಕೊಡುತ್ತಾರೆ. ಫ್ಲ್ಯಾಟ್ ರೇಟ್ ಡಬ್ಬದಲ್ಲಿ 70 ಪೌಂಡಿನವರೆಗೆ ಏನು ತುಂಬಿದರೂ ಒಂದೇ ರೇಟು. ಕಬ್ಬಿಣ ಮಾರುವವರಿಗೆ ಇದು ವರ ಅನಿಸುತ್ತೆ. ಆದರೆ ಬಾಣಲೆಗೆ ಹಿಡಿ ಇದೆಯಲ್ಲ! 3ನೇ ನಂಬರಿನ ಪುಟ್ಟ ಬಾಣಲೆ ಮಧ್ಯಮ ಡಬ್ಬದಲ್ಲಿ ಕೂರುತ್ತದೆ. 8ನೇ ನಂಬರು ದೊಡ್ಡ ಡಬ್ಬದಲ್ಲೂ ಕೂರುವುದಿಲ್ಲ, ಹಿಡಿ ಹೊರಗೆ ಬರುತ್ತೆ. ಅದಕ್ಕೆ ಬೇರೆ ಡಬ್ಬ ಹುಡುಕಿ ತೂಕದ ಲೆಕ್ಕದಲ್ಲಿ ಕಳಿಸಬೇಕು. ದೂರದ ರಾಜ್ಯಕ್ಕೆ ರೇಟು ಹೆಚ್ಚು. ಪೋಸ್ಟನ್ನು ‘ಫ್ರೀ’ ಎಂದು ಹಾಕಿದರೆ ಜನ ಬರುತ್ತಾರೆ ಅನ್ನುವುದು ಬಟ್ಟೆಗೆ, ಪುಸ್ತಕಕ್ಕೆ ಸರಿ. ಐದು ಪೌಂಡು ಕಬ್ಬಿಣಕ್ಕೆ ಹಾಗೆ ಮಾಡಿದರೆ ಕೈಯಿಂದ ಹೋಗುತ್ತದೆ.

ಎರಕದ ಕಬ್ಬಿಣ ಒಡೆಯುತ್ತೆ ಅಂದರೆ ಊರಲ್ಲಿ ಯಾರೂ ನಂಬುವುದಿಲ್ಲ. ಒಡೆಯುತ್ತೆ. ಒಂದು ಕೊರಿಯರ್ ಕಂಪನಿಯ ಮೂಲಕ ಕಳಿಸಿದ ಬಾಣಲೆ, ಹೆಸರು ಬೇಡ ಬಿಡಿ, ಎರಡು ತುಂಡಾಗಿ ಮುಟ್ಟಿತು. ಕೊಂಡವನು ಕಳಿಸಿದ ಫೋಟೋದಲ್ಲಿ ಹಿಡಿ ಒಂದು ಕಡೆ, ಬಾಣಲೆ ಒಂದು ಕಡೆ. ಡಬ್ಬದ ಮೂಲೆ ನೋಡಿದರೆ ಎತ್ತರದಿಂದ ಬಿದ್ದದ್ದು ಸ್ಪಷ್ಟ. ಅವನಿಗೆ ದುಡ್ಡು ಅವತ್ತೇ ವಾಪಸ್ ಮಾಡಿದೆ. ವಿಮೆಯ ದುಡ್ಡಿಗಾಗಿ ಕೊರಿಯರ್‌ನವರು ಡಬ್ಬ ತೋರಿಸಿ, ಒಳಗಿನ ಸುತ್ತುವಿಕೆ ತೋರಿಸಿ, ಬೆಲೆಗೆ ಪುರಾವೆ ಕೊಡಿ ಎಂದು ವಾರಗಟ್ಟಲೆ ಅಲೆದಾಡಿಸಿದರು. ಆಮೇಲಿನಿಂದ ಹಿಡಿಯ ಕೆಳಗೆ ಗಟ್ಟಿ ರಟ್ಟನ್ನು ಮಡಿಸಿ ಕೊಟ್ಟು, ಬಾಣಲೆ ಡಬ್ಬದ ಯಾವ ಗೋಡೆಗೂ ತಾಗದಂತೆ ನಡುವೆ ನಿಲ್ಲಿಸುತ್ತೇನೆ. ಡಬ್ಬ ಅಲ್ಲಾಡಿಸಿದರೆ ಒಳಗೆ ಸದ್ದಾಗಬಾರದು.

ಮಾರುವವರ ಕಡೆಯಿಂದ ನೋಡಿದರೆ ನಿಯಮಗಳು ಕೊಳ್ಳುವವರ ಪರ ವಾಲಿವೆ. ‘ವಿವರಣೆಯಂತಿಲ್ಲ’ ಎಂದು ಕೊಂಡವರು ಹೇಳಿದರೆ ವಾಪಸಿನ ಪೋಸ್ಟ್ ಖರ್ಚೂ ನಮ್ಮದೇ. 2008ರಿಂದ ಮಾರುವವರು ಕೊಂಡವರ ಬಗ್ಗೆ ಕೆಟ್ಟ ಫೀಡ್‌ಬ್ಯಾಕ್ ಬರೆಯುವಂತಿಲ್ಲ. ಅವರು ನಮ್ಮ ಬಗ್ಗೆ ಬರೆಯಬಹುದು. ಅನ್ಯಾಯ ಅನಿಸುತ್ತೆ, ನಿಜ. ಆದರೆ ಗುರುತು ಪರಿಚಯ ಇಲ್ಲದ ಒಹಾಯೊದ ಹೆಂಗಸಿಗೆ ದೂರದ ರಾಜ್ಯದವನು 60 ಡಾಲರ್ ಮೊದಲೇ ಕೊಡುವುದು ಈ ನಿಯಮಗಳ ಧೈರ್ಯದ ಮೇಲೇ ಅಲ್ವಾ? ಹಾಗಾಗಿ ನಾನು ಇದಕ್ಕೆ ಅಂಕ ಕಳೆಯುವುದಿಲ್ಲ. ಫೋಟೋದಲ್ಲಿ ಪ್ರತಿ ಗೀರನ್ನೂ ತೋರಿಸುತ್ತೇನೆ, 24 ಫೋಟೋ ಹಾಕಬಹುದು. ಗೀರು ತೋರಿಸಿದ ಮೇಲೆ ಜಗಳ ಬರುವುದು ಕಮ್ಮಿ.

ಗೆದ್ದು ದುಡ್ಡು ಕೊಡದವರು ಹರಾಜಿನ ದೊಡ್ಡ ಪೀಡೆ. ನಾಲ್ಕು ದಿನ ಕಾದು ಆರ್ಡರ್ ರದ್ದು ಮಾಡಿ, ಎರಡನೆಯವನಿಗೆ ಅವನು ಬರೆದ ಬೆಲೆಗೇ ‘ಎರಡನೇ ಅವಕಾಶ’ ಕಳಿಸಬಹುದು. ಅಷ್ಟೊತ್ತಿಗೆ ಅವನು ಬೇರೆ ಬಾಣಲೆ ಕೊಂಡಿರುತ್ತಾನೆ. ನಿಗದಿ ಬೆಲೆಗೆ ಕೂಡಲೇ ದುಡ್ಡು ಕೊಡಬೇಕು ಎಂದು ಇಟ್ಟರೆ ಈ ತಾಪತ್ರಯವೇ ಇಲ್ಲ.

ಇನ್ನು ನಮ್ಮವರ ಒಂದು ಸಲಹೆ. ಪಕ್ಕದ ಬೀದಿಯ ಗೆಳತಿ ಹಾಸನದವಳು, ನನ್ನ ಹರಾಜು ಮಂದವಾಗಿ ನಡೆಯುತ್ತಿರುವುದನ್ನು ನೋಡಿ "ಅಕ್ಕಾ, ನಾನೊಂದು ಬಿಡ್ ಹಾಕ್ಲಾ? ರೇಟು ಏರುತ್ತೆ, ನಾನೇ ಗೆದ್ರೆ ಕ್ಯಾನ್ಸಲ್ ಮಾಡಿದ್ರಾಯ್ತು" ಎಂದಳು. ಪ್ರೀತಿಯಿಂದಲೇ ಹೇಳಿದ್ದು. ಮಾಡಬೇಡಿ. ಇದಕ್ಕೆ ಶಿಲ್ ಬಿಡ್ಡಿಂಗ್ ಎಂದು ಹೆಸರು, ಈಬೇಯಲ್ಲಿ ನಿಷಿದ್ಧ. ಇಲ್ಲಿ ಇದಕ್ಕೆ ಕೇಸು ಹಾಕಿಸಿಕೊಂಡವರಿದ್ದಾರೆ. ಗಂಡನ ಖಾತೆಯಿಂದ ಹಾಕುವುದೂ ಅದೇ ಲೆಕ್ಕ.

ಫೇಸ್‌ಬುಕ್ ಮಾರ್ಕೆಟ್‌ಪ್ಲೇಸಿನಲ್ಲಿ ಮನೆ ಬಾಗಿಲಿಗೆ ಬಂದು ಒಯ್ಯುವವರಿಗೆ ಮಾರಿದರೆ ಫೀಸಿಲ್ಲ. ಮೇಜು, ಕುರ್ಚಿ, ಟ್ರೆಡ್‌ಮಿಲ್ಲಿಗೆ ಅದೇ ಸರಿ. ಬಾಣಲೆಗೆ ಅಲ್ಲ. ಕೊಲಂಬಸ್ಸಿನಲ್ಲಿ ಅದರ ಬೆಲೆ ತಿಳಿದವರು ಹತ್ತು ಜನ ಇದ್ದರೆ ದೇಶದ ತುಂಬ ಸಾವಿರ ಜನ ಇರುತ್ತಾರೆ, ಅವರು ಸಿಗುವುದು ಈಬೇಯಲ್ಲೇ. ದಾನ ಬಂದ ಹಳೇ ಸಾಮಾನು ಮಾರುವ ಗುಡ್‌ವಿಲ್ ಸಂಸ್ಥೆಯವರ ಹರಾಜು ಸೈಟಿನಲ್ಲಿ ನಾವು ಮಾರಲಾಗದು, ಕೊಳ್ಳಬಹುದು. ಬಣ್ಣ ಸರಿಯಾಗಿ ಕಾಣದ ಫೋಟೋ ನೋಡಿ ಕೊಳ್ಳುವ ಧೈರ್ಯ ಇರಬೇಕು.

ಇಲ್ಲಿರುವ ಕನ್ನಡದವರಿಗೆ ಒಂದು ಮಾತು ಹೇಳಲೇಬೇಕು. ಮನೆಯ ಹಳೇ ಸಾಮಾನು ಮಾರುವುದು ಬೇರೆ, ಮಾರಲೆಂದೇ ಕೊಂಡು ತಂದು ಮಾರುವುದು ಬೇರೆ. ಎರಡನೆಯದು ವ್ಯಾಪಾರ. ಎಚ್-1ಬಿ ಕೆಲಸದ ವೀಸಾದಲ್ಲಿ ಇರುವವರು, ಅವರ ಸಂಗಾತಿಗಳಾಗಿ ಬಂದು ಕೆಲಸದ ಪರವಾನಗಿ ಇಲ್ಲದ ಎಚ್-4 ವೀಸಾದವರು ವ್ಯಾಪಾರ ಮಾಡುವಂತಿಲ್ಲ. ನಾನು ಗ್ರೀನ್ ಕಾರ್ಡ್ ಬಂದ ಮೇಲೇ ಇದಕ್ಕೆ ಕೈ ಹಾಕಿದ್ದು. ಹೊತ್ತು ಹೋಗದೆ ಏನಾದರೂ ಮಾಡೋಣ ಎನ್ನುವ ಹೆಣ್ಣುಮಕ್ಕಳು ಮೊದಲು ವಲಸೆ ವಕೀಲರನ್ನು ಕೇಳಿ. ತೆರಿಗೆಗೂ ಹಾಗೇ. ಸೈಟಿನವರು ನಮ್ಮ ಮಾರಾಟದ ಲೆಕ್ಕವನ್ನು ತೆರಿಗೆ ಇಲಾಖೆಗೂ ನಮಗೂ ಕಳಿಸುವ 1099-ಕೆ ಚೀಟಿ ಬರುವ ಮಿತಿಯನ್ನು 600 ಡಾಲರಿಗೆ ಇಳಿಸುತ್ತೇವೆ ಎಂದು ವರ್ಷಗಟ್ಟಲೆ ಹೆದರಿಸಿ, 2025ರ ಕಾನೂನಿನಲ್ಲಿ ಮತ್ತೆ ಹಳೆಯ 20,000 ಡಾಲರ್ ಮತ್ತು 200 ಮಾರಾಟಕ್ಕೇ ತಂದರು. ಕೆಲವು ರಾಜ್ಯಗಳ ಮಿತಿ ಇದಕ್ಕಿಂತ ಕಮ್ಮಿ. ಚೀಟಿ ಬರಲಿ ಬಿಡಲಿ, ಲಾಭಕ್ಕೆ ತೆರಿಗೆ ಕಟ್ಟಲೇಬೇಕು. ಹಾಗಾಗಿ 12 ಡಾಲರಿನ ಎಸ್ಟೇಟ್ ಸೇಲ್ ರಸೀದಿಯನ್ನೂ ಎತ್ತಿಡುತ್ತೇನೆ.

ಊರಲ್ಲಿರುವವರೂ ಕೇಳುತ್ತಿರುತ್ತಾರೆ, ನಾವೂ ಮಾರಬಹುದಾ ಎಂದು. ಭಾರತದ ಒಳಗೆ ಈಬೇ ಈಗ ಇಲ್ಲ. 2004ರಲ್ಲಿ ಬಾಝೀ ಡಾಟ್ ಕಾಮ್ ಎಂಬ ಭಾರತದ ಹರಾಜು ಸೈಟನ್ನು ಕೊಂಡು ಬಂದವರು, 2017ರಲ್ಲಿ ಫ್ಲಿಪ್‌ಕಾರ್ಟ್‌ಗೆ ವಹಿಸಿದರು. 2018ರ ಆಗಸ್ಟ್ 14ಕ್ಕೆ ಆ ಸೈಟು ಮುಚ್ಚಿತು. ಆದರೆ ಭಾರತದಿಂದ ವಿದೇಶಕ್ಕೆ ಮಾರಬಹುದು, ದುಡ್ಡು ಪಯೋನಿಯರ್ ಎಂಬ ಹಣ ಪಾವತಿ ಕಂಪನಿಯ ಮೂಲಕ ಬರುತ್ತದೆ. ಅಲ್ಲಿ ಗಿರಾಕಿ ಇರುವ ನಮ್ಮ ನಾಡಿನ ಸಾಮಾನು ಅಂದರೆ ಎಚ್‌ಎಂಟಿ ಕೈಗಡಿಯಾರ. ಬೆಂಗಳೂರಿನಲ್ಲಿ, ನಮ್ಮ ತುಮಕೂರಿನಲ್ಲಿ ತಯಾರಾದದ್ದು. ಜನತಾ, ಪೈಲಟ್ ಎಂದರೆ ಹೊರದೇಶದವರೂ ಗುರುತಿಸುತ್ತಾರೆ. ಡಯಲ್ಲಿಗೆ ಹೊಸ ಬಣ್ಣ ಹೊಡೆದು ಹಳೇದೆಂದು ಮಾರುವವರು ಈ ಮಾರುಕಟ್ಟೆಯನ್ನು ಸಾಕಷ್ಟು ಕೆಡಿಸಿದ್ದಾರೆ. ಬಣ್ಣ ಹೊಡೆಸಿದ್ದರೆ ಹಾಗೆಂದು ಬರೆದೇ ಮಾರಿ, ಅದಕ್ಕೂ ಗಿರಾಕಿ ಇದ್ದಾರೆ. ಅಜ್ಜಿಯ ಮನೆಯ ಅಟ್ಟದಿಂದ ಇಳಿಸಿದ ಕಂಚಿನ ದೀಪ, ಹಳೇ ನಾಣ್ಯಗಳ ವಿಷಯದಲ್ಲಿ ಹುಷಾರು. 1972ರ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಪುರಾತನ ವಸ್ತುಗಳನ್ನು ನಾವು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಬೆಲೆಯುಳ್ಳ ಹಸ್ತಪ್ರತಿ, ದಾಖಲೆಗಳಿಗೆ 75 ವರ್ಷವೇ ಮಿತಿ. ಅಟ್ಟದ ಮೇಲೆ ತಾಳೆಗರಿ ಕಟ್ಟು ಸಿಕ್ಕರೆ ಅದಕ್ಕೆ ಡಾಲರಿನಲ್ಲಿ ಬೆಲೆ ಹುಡುಕುತ್ತಾ ಕೂರಬೇಡಿ.

ಸ್ಟಾರ್ ಕೊಡಬೇಕಲ್ಲ. ಬಾಣಲೆ, ಬಟ್ಟಲು, ಗಡಿಯಾರದಂಥ ಹುಚ್ಚು ಹಿಡಿದವರಿರುವ ಸಾಮಾನಿನ ಹರಾಜಿಗೆ ಐದಕ್ಕೆ ನಾಲ್ಕು. ಸಮಯ ಮುಂದಕ್ಕೆ ಹೋಗದ ಆ ಕೊನೇ ಗಳಿಗೆಗೆ ಅರ್ಧ, ಟ್ಯಾಕ್ಸಿನ ಮೇಲೂ ಹಾಕುವ ಫೀಸಿಗೆ ಅರ್ಧ ಕಳೆದಿದ್ದೇನೆ. ಮನೆ ಖಾಲಿ ಮಾಡುವಾಗ ಉಳಿದ ಮಿಕ್ಸಿ, ಪರದೆ, ಮಕ್ಕಳ ಬಟ್ಟೆಯನ್ನು ಹರಾಜಿಗೆ ಹಾಕುವವರಿಗೆ ಒಂದೂವರೆ ಸಾಕು. ಅವರು ಮಾರ್ಕೆಟ್‌ಪ್ಲೇಸಿಗೆ ಹೋಗಲಿ, ಇಲ್ಲವೇ ಯಾರಿಗಾದರೂ ಕೊಟ್ಟುಬಿಡಲಿ. ಫೀಸಿನ ಪಟ್ಟಿ ಆಗಾಗ ಬದಲಾಗುತ್ತದೆ, ಲಿಸ್ಟ್ ಮಾಡುವ ಮೊದಲು ಒಮ್ಮೆ ತೆರೆದು ನೋಡಿ.